ಎಡಗಡೆ ಚುಚ್ಚುತ್ತಿದೆ

ಜೂನ್ ೩

ಅಳಿಯಂದಿರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮಸಮಾಚಾರವನ್ನು ಭಾನುವಾರದ ಫೋನಿನಲ್ಲಿ ಮೊಮ್ಮಗಳು ಪುಟ್ಟಿಯೇ ಹೇಳಿದಳು, ಕೇಳುವ ಶ್ರಮ ತಪ್ಪಿತು. ನಿಮ್ಮ ಹಳೇ ಯಜಮಾನರು ಮನೆಗೆ ಬಂದಿದ್ದರಂತೆ. ಸೋಫಾದ ಮೇಲಿದ್ದ ಒಗೆದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ ಕೂತರಂತೆ. "ಮತ್ತೆ ಲ್ಯಾಬಿಗೆ ಬಾ, ಮೊದಲಿನ ಹಾಗೆ ಪೂರ್ತಿ ಹೊತ್ತು ಕೆಲಸ ಮಾಡು" ಅಂದರಂತೆ. ನೀವು "ಯೋಚನೆ ಮಾಡಿ ಹೇಳ್ತೀನಿ" ಅಂದಿರಂತೆ. ಯೋಚನೆ ಮಾಡುವುದೇ ನಿಮ್ಮ ಪೂರ್ತಿ ಹೊತ್ತಿನ ಕೆಲಸ ಎಂದು ಆ ಮನುಷ್ಯನಿಗೆ ಇನ್ನೂ ಗೊತ್ತಾಗಿಲ್ಲ, ಪಾಪ.

ನನ್ನ ಮಗಳು ನಿಮ್ಮನ್ನೂ ಮಗುವನ್ನೂ ಬಿಟ್ಟು ಹೋಗಿ ಬೇರೆ ಸಂಸಾರ ಹೂಡಿ ಎರಡು ವರ್ಷವಾಯಿತು. ಅವಳು ಮಾಡಿದ್ದು ಸರಿ ಎಂದು ನಾನು ಯಾವತ್ತೂ ಹೇಳಿಲ್ಲ. ಅವಳ ಕಾಗದ ಬಂದರೆ ಒಡೆಯದೆ ವಾಪಸು ಕಳಿಸುತ್ತೇನೆ. ಆದರೆ ಅವಳು ಹೋದಂದಿನಿಂದ ನೀವು ಹಲ್ಲುಸೆಟ್ಟು ಕಟ್ಟುವ ಲ್ಯಾಬು ಬಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಊರವರ ಮುರಿದ ಹಲ್ಲುಸೆಟ್ಟುಗಳಿಗೆ ತೇಪೆ ಹಾಕುತ್ತ ಕೂತಿದ್ದೀರಲ್ಲ, ಅದನ್ನು ತ್ಯಾಗ ಎಂದು ಕೊಂಡಾಡುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನನ್ನ ಗಂಡ ಸತ್ತಾಗ ಮಗಳಿಗೆ ಐದು ವರ್ಷ. ತಿಂಗಳು ತುಂಬುವ ಮೊದಲೇ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದೆ. ಮಗಳ ತಲೆ ಬಾಚಿದ್ದಕ್ಕೆ ನನಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀವು ಪುಟ್ಟಿಗೆ ಒಂದು ಜಡೆ ಹಾಕಿದರೆ ಬೀದಿಗೆ ಬೀದಿಯೇ ಕಣ್ಣೊರೆಸಿಕೊಳ್ಳುತ್ತದಂತೆ.

ಕೆಲಸಕ್ಕೆ ಹೋಗಿ. ಹೋಗಲಾರೆ, ಮಗು ಅಡ್ಡಿ ಎನ್ನುವುದಾದರೆ ಅವಳನ್ನು ಇಲ್ಲಿಗೆ ಕಳಿಸಿ. ಇಲ್ಲೂ ಶಾಲೆ ಇದೆ, ನನಗೆ ಬೇಕಾದಷ್ಟು ಹೊತ್ತಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಎನ್ನಬೇಡಿ. ಜನ ಫೋನಿನಲ್ಲಿ ಜಗಳ ಆಡುವುದನ್ನು ಮೂವತ್ತು ವರ್ಷ ಕೇಳಿದ್ದೇನೆ, ಒಬ್ಬರೂ ಗೆದ್ದದ್ದಿಲ್ಲ. ಫೋನು ಪುಟ್ಟಿಗೆ, ಕಾಗದ ನಿಮಗೆ. ಕಾಗದದಲ್ಲಿ ನೀವು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಇಂತಿ,
ನಿಮ್ಮ ಹೆಂಡತಿಯಾಗಿದ್ದವಳ ತಾಯಿ

&nbsp;

ಜೂನ್ ೧೨

ಅತ್ತೆಯವರಿಗೆ,

ಕಾಗದ ತಲುಪಿತು. "ಅಳಿಯ ಅಲ್ಲ, ಮಗಳ ಗಂಡ" ಎಂದು ಜನ ಆಡಿಕೊಳ್ಳುತ್ತಾರೆ. ನಾನೀಗ ಎರಡೂ ಅಲ್ಲ. ಆದರೂ ನೀವು ಬಿಡದೆ "ಅಳಿಯಂದಿರಿಗೆ" ಎಂದು ಬರೆಯುತ್ತೀರಿ. ಇಷ್ಟು ಮರ್ಯಾದೆ ಕೊಟ್ಟು ಬೈಯುವ ವಿದ್ಯೆ ಎಲ್ಲರಿಗೂ ಬರುವುದಿಲ್ಲ.

ಚಪ್ಪಾಳೆಯ ವಿಷಯಕ್ಕೆ ನಿಮ್ಮ ಮಾತು ಒಪ್ಪಿದೆ. ಶಾಲೆಯ ಗೇಟಿನ ಹತ್ತಿರ ನಿಲ್ಲುವ ತಾಯಂದಿರು ನನ್ನನ್ನು ನೋಡಿ "ಪಾಪ, ಗಂಡಸಾಗಿ ಎಷ್ಟು ಮಾಡ್ತೀರಿ" ಎನ್ನುತ್ತಾರೆ. ಅದೇ ಬಾಯಿಂದ ತಮ್ಮ ಗಂಡಂದಿರಿಗೆ ಫೋನು ಮಾಡಿ ಹಾಲು ತರಲು ನೆನಪಿಸುತ್ತಾರೆ. ನನ್ನ ಕೈಯಲ್ಲಿ ಊಟದ ಡಬ್ಬಿ ಕಂಡರೆ ಸಾಕು, ನಾನು ಬೆಟ್ಟ ಹೊತ್ತು ತಂದವನ ಹಾಗೆ ದಾರಿ ಬಿಡುತ್ತಾರೆ. ಆ ಹೊಗಳಿಕೆಗಿಂತ ನಿಮ್ಮ ಬೈಗುಳ ವಾಸಿ. ಅದರಲ್ಲಿ ಸಕ್ಕರೆ ಇಲ್ಲ.

ಇನ್ನು ಯಜಮಾನ. ನನ್ನ ಮೇಲಿನ ಪ್ರೀತಿ ಉಕ್ಕಿ ಅವನೇನೂ ಬಂದಿರಲಿಲ್ಲ. ನಾನು ಬಿಟ್ಟ ಮೇಲೆ ಒಂದು ಯಂತ್ರ ತಂದ. ಬಾಯಿಯ ಅಳತೆ ಕೊಟ್ಟರೆ ಯಂತ್ರವೇ ಹಲ್ಲಿನ ಸೆಟ್ಟು ಮಾಡಿಕೊಡುತ್ತದೆ. ಎಲ್ಲ ಒಂದೇ ಬಿಳುಪು, ಒಂದೇ ಎತ್ತರ, ಬಚ್ಚಲುಮನೆಯ ಟೈಲ್ಸಿನ ಹಾಗೆ. ಗಿರಾಕಿಗಳು ವಾಪಸು ಬರತೊಡಗಿದರು. ಒಬ್ಬ ಮೇಷ್ಟ್ರು ಹೊಸ ಸೆಟ್ಟಿನಲ್ಲಿ ನಕ್ಕದ್ದಕ್ಕೆ ಮೊಮ್ಮಗ ಹೆದರಿ ಮಂಚದ ಕೆಳಗೆ ಸೇರಿದನಂತೆ. ಇನ್ನೊಬ್ಬಾಕೆ "ನಾನು ನಕ್ರೆ ಯಾರದೋ ನಗು ಬರುತ್ತೆ" ಎಂದು ಸೆಟ್ಟು ಬಿಚ್ಚಿ ಯಜಮಾನನ ಮೇಜಿನ ಮೇಲಿಟ್ಟು ಹೋದರಂತೆ. ನಾನು ಸೆಟ್ಟು ಕಟ್ಟುವಾಗ ಗಿರಾಕಿಯ ಹಳೇ ಫೋಟೋ ತರಿಸಿಕೊಂಡು, ಮುಂದಿನ ಒಂದು ಹಲ್ಲನ್ನು ಬೇಕೆಂದೇ ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಅವರವರ ಬಾಯಿಯ ಸೊಟ್ಟ ಅವರವರಿಗೇ ಇರಲಿ ಎಂದು. ಆಗ ಇದೇ ಯಜಮಾನ ಅದನ್ನು ನನ್ನ ಕೈನಡುಕ ಎನ್ನುತ್ತಿದ್ದ. ಈಗ ಆ ಸೊಟ್ಟಕ್ಕಾಗಿ ನಮ್ಮ ಸೋಫಾದ ಮೇಲೆ ಕೂತು ಹಲ್ಲು ಗಿಂಜುತ್ತಾನೆ.

ಪೂರ್ತಿ ಹೊತ್ತು ಎಂದರೆ ಬೆಳಗ್ಗೆ ಎಂಟರಿಂದ ಸಂಜೆ ಏಳು. ಶಾಲೆ ಬಿಡುವುದು ಮೂರಕ್ಕೆ. "ಆ ಮಧ್ಯದ ಹೊತ್ತಲ್ಲಿ ಮಗು ಎಲ್ಲಿರಬೇಕು?" ಎಂದು ಕೇಳಿದೆ. "ಯಾರಾದ್ರೂ ಇರ್ತಾರಲ್ಲಪ್ಪ" ಅಂದ. ಆ 'ಯಾರಾದ್ರೂ' ಎಂಬ ಮಹಾತಾಯಿಯ ವಿಳಾಸ ಕೊಡಿ ಎಂದೆ. ನಕ್ಕು ಎದ್ದ. ಆಗಸ್ಟ್ ಮುಗಿಯುವುದರೊಳಗೆ ಹೇಳಬೇಕಂತೆ, ಇಲ್ಲದಿದ್ದರೆ ಬೇರೆ ಊರಿನಿಂದ ಕೆಲಸಗಾರನನ್ನು ಕರೆಸುತ್ತಾನಂತೆ. ಕರೆಸಲಿ.

ಪುಟ್ಟಿಯನ್ನು ಕಳಿಸುವುದಿಲ್ಲ. ಅವಳು ಪಾರ್ಸೆಲ್ ಅಲ್ಲ.

ಇಂತಿ,
ಜಡೆ ಹಾಕುವವನು

&nbsp;

ಜೂನ್ ೨೧

ಅಳಿಯಂದಿರಿಗೆ,

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ನಿಮ್ಮ ಕಥೆ ಮೂರನೇ ಬಗೆಯದು. ಹಲ್ಲೂ ಇದೆ, ಕಡಲೆಯನ್ನು ಮನೆಗೇ ತಂದು ಕೊಟ್ಟಿದ್ದಾರೆ, ನೀವು ಬಾಯಿ ತೆರೆಯಲು ಮುಹೂರ್ತ ನೋಡುತ್ತಿದ್ದೀರಿ.

ಮೂರರಿಂದ ಏಳು ಎಂದು ನನಗೆ ಲೆಕ್ಕ ಹೇಳಬೇಡಿ. ಮನಸ್ಸಿದ್ದರೆ ದಾರಿ ಸಿಗುತ್ತದೆ, ನಿಮಗೆ ಮನಸ್ಸಿಲ್ಲ. ಯಾಕಿಲ್ಲ ಎಂದು ನಾನು ಹೇಳುತ್ತೇನೆ. ಲ್ಯಾಬಿಗೆ ಹೋದರೆ ಮಧ್ಯಾಹ್ನ ನಾಲ್ಕು ಜನರ ಜೊತೆ ಕೂತು ಉಣ್ಣಬೇಕು. ಅವರಲ್ಲೊಬ್ಬ "ಮನೆಯವರ ಸುದ್ದಿ ಏನಾದ್ರೂ ಇದೆಯಾ?" ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಗೆ ಹೆದರಿ ಮಗುವಿನ ಹಿಂದೆ ಅಡಗಿ ಕೂತಿದ್ದೀರಿ. ಏಳು ವರ್ಷದ ಮಗು ನಿಮ್ಮಷ್ಟು ದೊಡ್ಡ ಗಂಡಸಿಗೆ ಮರೆಯಾಗಲು ಸಾಲದು. ತಲೆ, ಕೈಕಾಲು ಎಲ್ಲ ಹೊರಗೆ ಕಾಣುತ್ತಿದೆ.

ನಿಮ್ಮ ಸೊಟ್ಟದ ಮಹಿಮೆಯನ್ನು ನನ್ನ ಮುಂದೆ ಹೇಳಬೇಡಿ. ಮದುವೆಯ ಫೋಟೋಗೆ ಮುಂಚೆ ನಿಮ್ಮ ಕೈಯಲ್ಲಿ ಕಟ್ಟಿಸಿಕೊಂಡದ್ದನ್ನು ಒಂಬತ್ತು ವರ್ಷದಿಂದ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಕನ್ನಡಿ ನೋಡಿದಾಗಲೆಲ್ಲ ಆ ಓರೆ ಹಲ್ಲು ನನ್ನನ್ನು ಅಣಕಿಸುತ್ತದೆ. ಈ ಸಾಲುಗಳನ್ನು ಓದಿದ ಕೂಡಲೇ ಹರಿದು ಹಾಕಿ. ಇದು ಗೊತ್ತಿರುವುದು ನಿಮಗೊಬ್ಬರಿಗೆ, ನನ್ನ ಮಗಳಿಗೂ ಹೇಳಿಲ್ಲ.

ಇಂತಿ,
ಬುದ್ಧಿ ಹೇಳಿ ಬಾಯಿ ನೋಯಿಸಿಕೊಂಡವಳು

&nbsp;

ಜುಲೈ ೨

ಅತ್ತೆಯವರಿಗೆ,

ಸರಿ, ಅಡಗಿದ್ದೇನೆ ಎಂದೇ ಇಟ್ಟುಕೊಳ್ಳಿ. ಪುಟ್ಟಿ ಶಾಲೆಯಿಂದ ಬರುವಾಗ ಬಾಗಿಲು ತೆರೆಯಲು ಒಬ್ಬ ಹೇಡಿಯಾದರೂ ಮನೆಯಲ್ಲಿರುತ್ತಾನೆ.

ನಿಮ್ಮ ಮಗಳು ಒಮ್ಮೆ ಹೇಳಿದ್ದಳು. ಶಾಲೆಯಿಂದ ಬಂದು, ಕತ್ತಿಗೆ ನೇತುಹಾಕಿಕೊಂಡಿದ್ದ ಬೀಗದ ಕೈಯಿಂದ ತಾನೇ ಬಾಗಿಲು ತೆಗೆದು, ಖಾಲಿ ಮನೆಗೆ "ಅಮ್ಮಾ, ಬಂದೆ" ಎಂದು ಕೂಗುತ್ತಿದ್ದಳಂತೆ. ಆಮೇಲೆ ದನಿ ಬದಲಿಸಿ "ಬಾ ಮಗಳೇ" ಎಂದು ತಾನೇ ಉತ್ತರ ಕೊಟ್ಟುಕೊಳ್ಳುತ್ತಿದ್ದಳಂತೆ. ನಗುತ್ತಲೇ ಹೇಳಿದಳು, ಅದಕ್ಕೇ ನನಗೆ ಮರೆತಿಲ್ಲ.

ಪೂರ್ತಿ ಹೊತ್ತು ಕೆಲಸ ಮಾಡಿದ ತಾಯಿಯ ಮಗಳು ದೊಡ್ಡವಳಾಗಿ ಏನು ಮಾಡಿದಳು ಎಂದು ನಾವಿಬ್ಬರೂ ನೋಡಿದ್ದೇವೆ. ಮನೆ ಖಾಲಿ ಮಾಡಿ ಹೋಗುವುದನ್ನು ಅವಳಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ, ನಿಮ್ಮನ್ನು ನೋಡಿಯೇ ಕಲಿತಿದ್ದಳು. ಮಕ್ಕಳನ್ನು ಬೆಳೆಸುವ ಬಗ್ಗೆ ನಿಮ್ಮಿಂದ ನನಗೆ ಉಪದೇಶ ಬೇಡ.

ಇಂತಿ,
ಅಡಗಿ ಕೂತವನು

&nbsp;

ಜುಲೈ ೨೫

ಅತ್ತೆಯವರಿಗೆ,

ಮೂರು ಭಾನುವಾರದಿಂದ ನೀವು ಫೋನು ಎತ್ತುತ್ತಿಲ್ಲ. ಜಗಳ ನನ್ನ ನಿಮ್ಮ ನಡುವೆ. ನಾನು ಬರೆದದ್ದಕ್ಕೆ ನನ್ನನ್ನು ಬೈಯಿರಿ, ಹತ್ತು ಪುಟ ಬೈಯಿರಿ, ಓದುತ್ತೇನೆ. ಮಗುವಿನ ಮೇಲೆ ಯಾಕೆ ಈ ಹಟ? ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗಾಯಿತು.

ಪುಟ್ಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಮಾತಾಡಿದರೆ ಗಾಳಿ ನುಗ್ಗುತ್ತದೆ, 'ಸ' ಅನ್ನಲು ಹೋದರೆ 'ಥ' ಬರುತ್ತದೆ. ತರಗತಿಯಲ್ಲಿ ಕೆಲವರು ಅಣಕಿಸುತ್ತಾರಂತೆ. ಹೋದ ಭಾನುವಾರ ಫೋನು ಬಡಿದುಕೊಂಡು ತಾನಾಗಿ ನಿಂತ ಮೇಲೆ ಅವಳು ಹೇಳಿದಳು: "ಅಜ್ಜಿಗೆ ನನ್ ಮಾತು ಅರ್ಥ ಆಗಲ್ಲ ಅಂತ ಯಾರೋ ಹೇಳಿರ್ಬೇಕು. ಅದಕ್ಕೇ ಎತ್ತಲ್ಲ."

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಫೋನು ಎತ್ತಿ.

ಇಂತಿ,
ಅವಳ ಅಪ್ಪ

&nbsp;

ಆಗಸ್ಟ್ ೧

ಅಳಿಯಂದಿರಿಗೆ,

ಇದರ ಜೊತೆಗಿರುವ ಡಬ್ಬವನ್ನು ನೀವು ಒಬ್ಬರೇ ಇರುವಾಗ ಬಿಚ್ಚಿ. ಹತ್ತಿಯೊಳಗಿದೆ. ಎರಡು ತುಂಡು.

ಕೈಜಾರಿ ಬಚ್ಚಲಿನಲ್ಲಿ ಬಿದ್ದು ಒಡೆಯಿತು. ಅಂಟಿಸಿ, ಮರುದಿನವೇ ವಾಪಸು ಕಳಿಸಿ. ಡಬ್ಬದ ಮೇಲೆ 'ಗಾಜಿನ ಸಾಮಾನು' ಎಂದು ಬರೆಯಿರಿ, ಬೇರೇನೂ ಬರೆಯಬೇಡಿ. ಇಲ್ಲಿಯ ಅಂಚೆಯವನಿಗೆ ಕಣ್ಣೂ ಉದ್ದ, ನಾಲಿಗೆಯೂ ಉದ್ದ.

ನಾನು ಪುಟ್ಟಿಯ ಮೇಲೆ ಹಟ ಮಾಡುತ್ತಿಲ್ಲ. ಫೋನು ಎತ್ತಿದರೆ ಏನಾಗುತ್ತದೆ ಎಂದು ಕನ್ನಡಿಯ ಮುಂದೆ ನಿಂತು ನೋಡಿದೆ. "ಹಲೋ" ಎನ್ನಲು ಬಾಯಿ ತೆರೆದರೆ ಒಡೆದ ಕೊಳಲು ಊದಿದ ಹಾಗಾಯಿತು. ಮೂವತ್ತು ವರ್ಷ ನನ್ನ ದನಿಯನ್ನು ಇಡೀ ಊರು ಕೇಳಿದೆ. "ನಂಬರ್ ಹೇಳಿ" ಎಂದು ನಾನು ಅಂದರೆ ಅಧಿಕಾರಿಗಳೂ ಗಂಟಲು ಸರಿಮಾಡಿಕೊಂಡು ಮಾತಾಡುತ್ತಿದ್ದರು. ಮೊಮ್ಮಗಳು ಆ ದನಿಯನ್ನೇ ಕೇಳಬೇಕು, ಇದನ್ನಲ್ಲ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿಂದುಕೊಂಡು, ಹಾಲಿನವನಿಗೂ ಬಾಗಿಲ ಹಿಂದಿನಿಂದ ಕೈಸನ್ನೆ ಮಾಡಿಕೊಂಡು ದಿನ ದೂಡುತ್ತಿದ್ದೇನೆ.

ಅಜ್ಜಿಗೆ ಗಂಟಲು ಕಟ್ಟಿದೆ ಎಂದು ಹೇಳಿ.

ನಿಮ್ಮ ಜುಲೈ ಎರಡರ ಕಾಗದ ತಲುಪಿದೆ. ಅದಕ್ಕೆ ಉತ್ತರ ಬರೆದಿಲ್ಲ.

ಇಂತಿ,
ಹೆಸರು ಬರೆಯಲಾರೆ, ಡಬ್ಬ ಯಾರ ಕೈಗಾದರೂ ಸಿಕ್ಕೀತು

&nbsp;

ಆಗಸ್ಟ್ ೬

ಅತ್ತೆಯವರಿಗೆ,

ಗಂಟಲು ಕಟ್ಟಿದೆ ಎಂದು ಹೇಳಿದೆ. "ನಾಲ್ಕು ವಾರಾನಾ?" ಎಂದಳು. ಅವಳು ಮಗು, ಪೆದ್ದಿಯಲ್ಲ.

ಸೆಟ್ಟು ನೋಡಿದೆ. ಇದು ಬಿದ್ದು ಒಡೆದದ್ದಲ್ಲ. ಬಿದ್ದರೆ ಅಂಚು ಚೂರಾಗುತ್ತದೆ. ಇದು ನಟ್ಟನಡುವೆ ಸೀಳಿದೆ, ವರ್ಷಗಟ್ಟಲೆ ದವಡೆ ಒತ್ತಿ ಒತ್ತಿ ದಣಿದು ಸೀಳಿದ್ದು. ಹಲ್ಲುಗಳ ತುದಿಯೂ ಸವೆದು ಚಪ್ಪಟೆಯಾಗಿದೆ. ಮಲಗುವಾಗ ತೆಗೆದು ಒಂದು ಲೋಟ ನೀರಿನಲ್ಲಿಡಿ ಎಂದು ಕೊಡುವಾಗಲೇ ಹೇಳಿದ್ದೆ. ನೀವು ಒಂದು ದಿನವೂ ತೆಗೆದಿಟ್ಟ ಹಾಗೆ ಕಾಣುವುದಿಲ್ಲ. ಒಂಟಿ ಮನೆಯಲ್ಲಿ, ಬಾಗಿಲಿಗೆ ಚಿಲಕ ಹಾಕಿಕೊಂಡು, ಯಾರಿಗಾಗಿ ತಾಯೀ ಈ ಶೃಂಗಾರ? ಕಳ್ಳ ಬಂದರೆ ಅವನಿಗೂ ಬೊಚ್ಚುಬಾಯಿ ಕಾಣಬಾರದು ಎಂದೇ?

ಅಂಟಿಸಿದರೆ ಎರಡು ದಿನ ಬಾಳುತ್ತದೆ, ಮೂರನೆಯ ದಿನ ಊಟದ ಮಧ್ಯೆ ತಟ್ಟೆಗೆ ಬೀಳುತ್ತದೆ. ಹೊಸದೇ ಆಗಬೇಕು. ಅದಕ್ಕೆ ಬಾಯಿಯ ಅಳತೆ ಬೇಕು. ನಮ್ಮ ಲ್ಯಾಬಿನ ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರಮ್ಮ ಅಳತೆ ತೆಗೆಯುತ್ತಾರೆ, ಕಟ್ಟುವುದು ನಾನು. ಬಾಯಿಯನ್ನು ಅಂಚೆಯಲ್ಲಿ ಕಳಿಸಲಾಗುವುದಿಲ್ಲ, ನೀವೇ ಅದನ್ನು ಹೊತ್ತು ತರಬೇಕು.

ತುಂಡುಗಳು ನನ್ನ ಹತ್ತಿರವೇ ಇರಲಿ. ಆ ಓರೆ ಹಲ್ಲಿನ ಗುರುತು ಬೇಕಾಗುತ್ತದೆ. ನೇರ ಮಾಡಬೇಕೇ, ಇದ್ದ ಹಾಗೇ ಇರಲೇ, ಬರೆಯಿರಿ.

ಇಂತಿ,
ತೇಪೆ ಹಾಕುವವನು

&nbsp;

ಆಗಸ್ಟ್ ೧೫

ಅಳಿಯಂದಿರಿಗೆ,

ಬರುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಮಾತಾಡಿಸುತ್ತಾರೆ. ಮನೆಯಲ್ಲಿ ಪುಟ್ಟಿ ನೋಡುತ್ತಾಳೆ. ಇಲ್ಲಿಯೇ ಯಾರಿಂದಲಾದರೂ ನಿಮ್ಮ ಯಜಮಾನನ ಯಂತ್ರದಂಥದರಲ್ಲಿ ಮಾಡಿಸಿಕೊಳ್ಳುತ್ತೇನೆ. ಟೈಲ್ಸ್ ಆದರೆ ಟೈಲ್ಸ್, ಒರೆಸಲು ಸುಲಭ.

ಈಗ ಜುಲೈ ಎರಡರ ಕಾಗದಕ್ಕೆ ಉತ್ತರ.

ನನ್ನ ಮಗಳು ಖಾಲಿ ಮನೆಯಲ್ಲಿ ಎರಡು ದನಿಯಲ್ಲಿ ಮಾತಾಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಓದಿ ಕಾಗದ ಮಡಿಸಿಟ್ಟೆ. ಎರಡು ದಿನ ಯಾವ ಕೆಲಸವೂ ಸಾಗಲಿಲ್ಲ. ಮೂರನೆಯ ದಿನ ನನಗೆ ನಿಮ್ಮ ಮೇಲೆ ತಾತ್ಸಾರ ಹುಟ್ಟಿತು. ಮೂವತ್ತೈದು ವರ್ಷದ ಹೆಂಗಸು ಗಂಡ ಮಗುವನ್ನು ಬಿಟ್ಟು ಹೋದದ್ದಕ್ಕೆ ಅವಳ ತಾಯಿಯ ನೌಕರಿ ಕಾರಣ ಎನ್ನುವವನಿಗೆ ಏನು ಹೇಳುವುದು? ಹಾಗಾದರೆ ಊರಿನ ಅರ್ಧದಷ್ಟು ಜನ ಓಡಿ ಹೋಗಿರಬೇಕಿತ್ತು. ಅವಳು ಹೋದದ್ದು ಅವಳಿಗೆ ಬೇಕೆನಿಸಿದ್ದರಿಂದ. ಇದನ್ನು ನುಂಗಲು ನಿಮಗಾಗುತ್ತಿಲ್ಲ, ಅದಕ್ಕೆ ತಪ್ಪನ್ನೆಲ್ಲ ನನ್ನ ಹೆಡ್‌ಫೋನಿಗೆ ಸುತ್ತಿದಿರಿ.

ಇನ್ನೊಂದು ಮಾತು, ನಾನು ಯಾರಿಗೂ ಹೇಳದ್ದು. ಮಗಳ ಹೊಟ್ಟೆಗಾಗಿ ದುಡಿಯುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಅದು ಅರ್ಧ ನಿಜ. ನನಗೆ ಆ ಕೆಲಸ ಇಷ್ಟವಿತ್ತು. ಕುರ್ಚಿಯಲ್ಲಿ ಕೂತು ಬೋರ್ಡಿನ ದೀಪಗಳು ಹತ್ತಿಕೊಳ್ಳುವಾಗ ನಾನು ಯಾರ ವಿಧವೆಯೂ ಅಲ್ಲ, ಯಾರ ತಾಯಿಯೂ ಅಲ್ಲ. ನನ್ನ ಕೈ ಆಡಿದರೆ ಇಬ್ಬರು ಮಾತಾಡುತ್ತಾರೆ, ಇಲ್ಲದಿದ್ದರೆ ಇಲ್ಲ. ಅದನ್ನು ಇಷ್ಟ ಎಂದರೆ ಜನ ಉಗಿಯುತ್ತಿದ್ದರು, ಹೊಟ್ಟೆಪಾಡು ಎಂದರೆ ಅಯ್ಯೋ ಎನ್ನುತ್ತಿದ್ದರು. ಅಯ್ಯೋ ಎನ್ನಿಸಿಕೊಂಡೇ ನಿವೃತ್ತಳಾದೆ. ನಿಮ್ಮ ಕೆಲಸವೂ ನಿಮಗೆ ಇಷ್ಟ. ಒಂದು ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಲು ಫೋಟೋ ತರಿಸಿಕೊಳ್ಳುವವನು ಸಂಬಳಕ್ಕಾ ಮಾಡುತ್ತಾನೆ?

ಕೊನೆಯದಾಗಿ. ಇದನ್ನು ಜೂನಿನಲ್ಲೇ ಬರೆಯಬಹುದಿತ್ತು, ಕಡೆಯ ಏಟಿಗೆ ಎಂದು ಇಟ್ಟುಕೊಂಡಿದ್ದೆ. ಪುಟ್ಟಿಯ ಶಾಲೆಯಲ್ಲಿ ಸಂಜೆ ನಾಲ್ಕಕ್ಕೆ ಈಜು ಕಲಿಸುತ್ತಾರೆ. ಅವಳು ಹೆಸರು ಕೊಟ್ಟು, ಮರುದಿನವೇ ಹೊಡೆದು ಹಾಕಿಸಿದಳಂತೆ. ನೀರು ಕಂಡರೆ ಭಯವಾ ಎಂದು ಕೇಳಿದೆ. "ಇಲ್ಲಜ್ಜಿ, ಅಪ್ಪ ಮನೇಲಿ ಒಬ್ನೇ ಇರ್ತಾನೆ" ಅಂದಳು.

ನೀವು ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿದ್ದೀರಿ ಎಂದು ಬೀದಿ ಹೊಗಳುತ್ತದೆ. ಮಗು ಮನೆಗೆ ಓಡಿ ಬರುವುದು ನಿಮ್ಮನ್ನು ನೋಡಿಕೊಳ್ಳಲು.

ಇಂತಿ,
ಪೂರ್ತಿ ಹೊತ್ತಿನ ತಾಯಿಯಾಗದಿದ್ದವಳು

ಮರೆತೆ. ಹಲ್ಲು ಇದ್ದ ಹಾಗೇ ಓರೆಯಾಗಿರಲಿ. ಮಾಡಿಸಿದರೆ.

&nbsp;

ಆಗಸ್ಟ್ ೨೧

ಅತ್ತೆಯವರಿಗೆ,

ನಿಮ್ಮ ಕಾಗದ ಓದಿದ ದಿನ ಪುಟ್ಟಿ ಶಾಲೆಯಿಂದ ಬಂದು ಚೀಲ ಇಳಿಸುವುದನ್ನು ಸುಮ್ಮನೆ ನೋಡಿದೆ. ಬಂದವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನಾನು ಊಟ ಮಾಡಿದ್ದೇನೋ ಇಲ್ಲವೋ ನೋಡಿದಳು. ಆಮೇಲೆ ಶೂ ಬಿಚ್ಚಿದಳು. ಎರಡು ವರ್ಷದಿಂದ ಇದೇ ಸಾಲಿನಲ್ಲಿ ನಡೆಯುತ್ತಿದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಈಜಿಗೆ ಯಾಕೆ ಸೇರ್ಲಿಲ್ಲ?" ಎಂದು ಕೇಳಿದೆ.

"ನೀನು ಒಬ್ನೇ ಇರ್ತೀಯಲ್ಲ."

"ಇದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಥುಮ್ನೆ ಕೂತಿರ್ತೀಯ."

ಅವಳ ಬಾಯಲ್ಲಿ ನುಗ್ಗಿದ ಗಾಳಿಗೆ ನಗಬೇಕಿತ್ತು, ಆಗಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ನನ್ನ ಬಗ್ಗೆ ನೀವು ಬರೆದದ್ದೆಲ್ಲ ಸೇರಿದರೂ ಆ ಒಂದು ಸಾಲಿನಷ್ಟು ಹೇಸಿಗೆ ನನಗೆ ನನ್ನ ಮೇಲೆ ಹುಟ್ಟಿಸಿರಲಿಲ್ಲ.

ಮರುದಿನ ಲ್ಯಾಬಿಗೆ ಹೋದೆ. ನನ್ನ ಸ್ಟೂಲಿನ ಮೇಲೆ ಯಜಮಾನ ಹೆಲ್ಮೆಟ್ ಇಟ್ಟುಕೊಂಡಿದ್ದ. ಮೇಣ ಕಾಯಿಸುವ ದೀಪದ ಪಕ್ಕದಲ್ಲಿ ನನ್ನ ಹಳೇ ಚಾಕು ಹಾಗೇ ಇತ್ತು, ಹಿಡಿಗೆ ನಾನೇ ಸುತ್ತಿದ್ದ ಪಟ್ಟಿ ಸಮೇತ. ಅದನ್ನು ಕೈಗೆತ್ತಿಕೊಂಡಾಗ ಆದದ್ದನ್ನು ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಬೋರ್ಡಿನ ದೀಪದ ಮಾತು ಬರೆದಿದ್ದೀರಿ. ಸೆಪ್ಟೆಂಬರಿನಿಂದ ಪೂರ್ತಿ ಹೊತ್ತು ಬರುತ್ತೇನೆ ಎಂದೆ. "ನಂಗೊತ್ತಿತ್ತು, ಬಂದೇ ಬರ್ತೀಯ ಅಂತ" ಎಂದು ಯಜಮಾನ ಬೆನ್ನು ತಟ್ಟಿದ. ಹೆಲ್ಮೆಟ್ ತೆಗೆದು ಅವನ ಕೈಗೆ ಕೊಟ್ಟೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಒಬ್ಬ ಆ ಪ್ರಶ್ನೆಯನ್ನು ಕೇಳಿಯೂ ಬಿಟ್ಟ. "ಬಿಟ್ಟು ಹೋದಳು" ಎಂದೆ. ಅವನು ಉಪ್ಪಿನಕಾಯಿ ಇದೆಯಾ ಎಂದು ಕೇಳಿದ. ಎರಡು ವರ್ಷ ನಾನು ಹೆದರಿದ್ದು ಇಷ್ಟಕ್ಕೆ.

ಇನ್ನು ಮೂರರಿಂದ ಏಳು. ಈಜು ಬಿಟ್ಟ ಮೇಲೂ ಮಗುವಿಗೆ ಮನೆ ಎಂಬುದೊಂದು ಬೇಕು. ನಾನು ನಿಮ್ಮನ್ನು ಏನೂ ಕೇಳುತ್ತಿಲ್ಲ. ನಿಮ್ಮ ಹಲ್ಲಿನ ವಿಷಯವನ್ನಷ್ಟೇ ತಿಳಿಸುತ್ತಿದ್ದೇನೆ. ಅಳತೆ ತೆಗೆದ ಕೂಡಲೇ ಸೆಟ್ಟು ಬರುವುದಿಲ್ಲ. ಮೊದಲು ಮೇಣದಲ್ಲಿ ಕಟ್ಟಿ ಬಾಯಿಗಿಟ್ಟು ನೋಡಬೇಕು. ಕಟ್ಟಿದ ಮೇಲೆ ಅಲ್ಲಿ ಇಲ್ಲಿ ಚುಚ್ಚುತ್ತದೆ, ಚುಚ್ಚಿದಲ್ಲಿ ಉಜ್ಜಬೇಕು, ಮತ್ತೆ ಹಾಕಿ ನೋಡಬೇಕು. ಅದು ಮುಗಿಯುವ ತನಕ ಊರು ಬಿಟ್ಟು ಹೋಗುವ ಹಾಗಿಲ್ಲ. ಸಾಧಾರಣ ಬಾಯಿಗೆ ಒಂದು ತಿಂಗಳು ಸಾಕು. ನಿಮ್ಮ ಬಾಯಿ ಸಾಧಾರಣದ್ದಲ್ಲ.

ಮನೆಯ ಒಳಗಿನ ಕೋಣೆಯಿಂದ, ಹಲ್ಲಿನ ಅಚ್ಚು ಹುಯ್ಯುವ ಪ್ಲಾಸ್ಟರಿನ ಮೂಟೆಗಳನ್ನು ಹೊರಗೆ ಹಾಕಿಸಿದ್ದೇನೆ. ಬೇರೆ ಕಾರಣಕ್ಕೆ.

ಇಂತಿ,
ಸುಮ್ಮನೆ ಕೂತಿದ್ದವನು

&nbsp;

ಆಗಸ್ಟ್ ೨೬

ಅಳಿಯಂದಿರಿಗೆ,

ಮೂವತ್ತೊಂದರ ಮಧ್ಯಾಹ್ನದ ಬಸ್ಸು. ಮಗುವನ್ನು ನಿಲ್ದಾಣಕ್ಕೆ ಕರೆತರಬೇಡಿ. ಮುಖಕ್ಕೆ ಕರವಸ್ತ್ರ ಹಿಡಿದುಕೊಂಡಿರುತ್ತೇನೆ, ದಾರಿಯಲ್ಲಿ ಮಾತಾಡಿಸಬೇಡಿ.

ಹಲ್ಲಿಗಾಗಿ ಬರುತ್ತಿದ್ದೇನೆ. ನಿಮ್ಮ ಮನೆ ನಡೆಸಲಿಕ್ಕಲ್ಲ. ಹಲ್ಲು ಕೂತ ದಿನವೇ ಹೊರಡುತ್ತೇನೆ. ಒಗೆದ ಬಟ್ಟೆಯ ರಾಶಿ ಸೋಫಾದ ಮೇಲೆ ಕಂಡರೆ ಅದೇ ಬಸ್ಸಿಗೆ ವಾಪಸು.

ಇಂತಿ,
ಬಾಯಿ ಹೊತ್ತು ತರುವವಳು

&nbsp;

ಸೆಪ್ಟೆಂಬರ್ ೯
(ಫ್ರಿಜ್ಜಿನ ಮೇಲೆ)

ಅಳಿಯಂದಿರಿಗೆ,

ಒಂದೇ ಮನೆಯಲ್ಲಿದ್ದೂ ಕಾಗದ ಯಾಕೆ ಎಂದು ನೀವು ನಿನ್ನೆ ಗೊಣಗಿದಿರಿ. ನಾವು ಎದುರುಬದುರು ಕೂತು ಒಂದು ಊಟ ಜಗಳವಿಲ್ಲದೆ ಮುಗಿಸಿದ ದಿನ ನಿಲ್ಲಿಸುತ್ತೇನೆ.

ನಿಮಗೆ ಹೇಳಿರಲಿಲ್ಲ. ಬಂದ ದಿನ ನೀವು ಚೀಲ ಒಳಗಿಡಲು ಹೋದಾಗ ಪುಟ್ಟಿ ಬಂದು ನನ್ನ ಕರವಸ್ತ್ರ ಕಿತ್ತಳು. ಬಾಯಿ ಮುಚ್ಚಿಕೊಂಡೆ. ಬೆರಳಿನಿಂದ ತುಟಿ ಸರಿಸಿ ಒಳಗೆ ಇಣುಕಿದಳು. "ಅಜ್ಜೀ, ನಿಂದೂ ಬಿತ್ತಾ?" ಎಂದಳು. ಹೌದೆಂದು ತಲೆಯಾಡಿಸಿದೆ. ತನ್ನ ಬಾಯಿ ಅಗಲಿಸಿ ತೋರಿಸಿ, "ಅಳ್ಬೇಡ, ಹೊಥದು ಬರುತ್ತೆ" ಎಂದಳು. ಒಂಬತ್ತು ವರ್ಷ ಹಗಲೂ ರಾತ್ರಿ ದವಡೆ ಬಿಗಿದುಕೊಂಡು ಬಾಳಿದ್ದು ಇದಕ್ಕೆ ಹೆದರಿ. ನನ್ನಂಥ ಪೆದ್ದಿ ಇನ್ನೊಬ್ಬಳಿದ್ದರೆ ತೋರಿಸಿ.

ಈಗ ನಾವಿಬ್ಬರೂ ಸಂಜೆ ಹಾಲಿನಲ್ಲಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತೇವೆ. ನಮ್ಮ ಮಾತು ನಮಗಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಈಜಿನ ಟವಲು ದಿನವೂ ಒಗೆಯಬೇಕು, ನೀವು ಒಗೆಯುತ್ತಿಲ್ಲ.

ಇಂತಿ,
ಒಳಗಿನ ಕೋಣೆಯವಳು

&nbsp;

ಅಕ್ಟೋಬರ್ ೧೭
(ಫ್ರಿಜ್ಜಿನ ಮೇಲೆ)

ಅಳಿಯಂದಿರಿಗೆ,

ಇವತ್ತು ಡಾಕ್ಟರಮ್ಮ ಹೊಸ ಸೆಟ್ಟನ್ನು ನೋಡಿ "ಪರ್ಫೆಕ್ಟಾಗಿ ಕೂತಿದೆ, ಇನ್ನು ನೀವು ಊರಿಗೆ ಹೋಗ್ಬಹುದು" ಎಂದರು. ಅವರಿಗೇನು ಗೊತ್ತು, ಅವರ ಬಾಯಲ್ಲಿದೆಯೇ? ಎಡಗಡೆ ಚುಚ್ಚುತ್ತಿದೆ. ನಿಮ್ಮ ಕೈಗುಣವೇ ಅಷ್ಟು. ಪೂರ್ತಿ ಹೊತ್ತು ಕೆಲಸ ಮಾಡುವವನ ಸೆಟ್ಟು ಹೀಗಾದರೆ ಅರ್ಧ ಹೊತ್ತಿನದು ಹೇಗಿತ್ತೋ. ಸರಿಮಾಡಿ ಕೊಡುವ ತನಕ ನಾನು ಹೊರಡುವಂತಿಲ್ಲ, ನನಗೂ ನನ್ನ ಮನೆ ಇದೆ.

ಮಲಗುವಾಗ ಲೋಟದಲ್ಲಿ ತೆಗೆದಿಡುತ್ತಿದ್ದೇನೆ. ಪುಟ್ಟಿಯೇ ನೀರು ತಂದುಕೊಡುತ್ತಾಳೆ. ಅವಳಿಗೆ ಹೊಸ ಹಲ್ಲು ಇಣುಕಿದೆ, ನೋಡಿದಿರೋ ಇಲ್ಲವೋ. ಸ್ವಲ್ಪ ಓರೆ. ಯಾರದು ಎಂದು ನಾನು ಹೇಳಬೇಕಾಗಿಲ್ಲ.

ಬುಟ್ಟಿಯಲ್ಲಿದ್ದ ಸೇಬುಗಳಲ್ಲಿ ಒಂದು ಕಾಣದಿದ್ದರೆ ಪುಟ್ಟಿಯನ್ನು ಬೈಯಬೇಡಿ.

ಇಂತಿ,
ಎಡಗಡೆ ನೋವಿರುವವಳು

&nbsp;

ಅಕ್ಟೋಬರ್ ೧೮
(ಅದೇ ಕಾಗದದ ಹಿಂದೆ)

ಅತ್ತೆಯವರಿಗೆ,

ಸೇಬಿನ ದಿಂಡು ಕಸದ ಬುಟ್ಟಿಯಲ್ಲಿ ಸಿಕ್ಕಿತು. ಎಡಗಡೆಯಿಂದ ಕಚ್ಚಿದ ಗುರುತು ಆಳವಾಗಿ, ಚೆನ್ನಾಗಿ ಬಿದ್ದಿದೆ. ಆ ಓರೆಯನ್ನು ಎಲ್ಲಿದ್ದರೂ ಗುರುತಿಸುತ್ತೇನೆ, ನಾನೇ ತಿರುಗಿಸಿದ್ದು.

ಎಡಗಡೆ ಚುಚ್ಚುವುದು ನಿಜ. ಸರಿಮಾಡುವುದು ದೊಡ್ಡ ಕೆಲಸ, ಸದ್ಯಕ್ಕೆ ಆಗುವುದಿಲ್ಲ. ಮುಂದಿನ ವರ್ಷವೂ ಆಗುತ್ತದೆಂದು ಹೇಳಲಾರೆ. ನನಗೀಗ ಪುರುಸೊತ್ತಿಲ್ಲ, ನಾನು ಪೂರ್ತಿ ಹೊತ್ತಿನ ಕೆಲಸಗಾರ.

ಟವಲು ಒಗೆದು ಹಾಕಿದ್ದೇನೆ.

ಇಂತಿ,
ನಿಮ್ಮ ಅಳಿಯ